ಪೋರ್ಟಿಂಗ್ ಮತ್ತು ಮುಕ್ತ ತಂತ್ರಾಂಶ ಪರವಾನಗಿಗಳ ಪಾಲನೆ

ಒಂದು ಬಗೆಯ ಪ್ರೊಸೆಸರ್‌ಗೆಂದು ಸಿದ್ಧವಾದ ತಂತ್ರಾಂಶವನ್ನು ಇನ್ನೊಂದು ಬಗೆಯ ಪ್ರೊಸೆಸರ್ ಮೇಲೆ ಓಡುವಂತೆ ಒಗ್ಗಿಸುವ ಕೆಲಸವೇ ಪೋರ್ಟಿಂಗ್. ಇಂಟೆಲ್ ಮತ್ತು ಎಎಂಡಿಗಳ ಎಕ್ಸ್86, ಮೊಬೈಲ್ ಫೋನುಗಳ ಆರ್ಮ್, ರೂಟರುಗಳಲ್ಲಿ ಬಹುಕಾಲ ಮೆರೆದ ಮಿಪ್ಸ್, ಐಬಿಎಂನ ಪವರ್ ಮತ್ತು ಎಸ್390, ಈಚಿನ ರಿಸ್ಕ್-ಫೈವ್ ಇವುಗಳಲ್ಲಿ ಒಂದೊಂದರ ಆಜ್ಞೆಗಳೂ ಬೇರೆ. ಒಂದಕ್ಕೆ ಕಂಪೈಲ್ ಮಾಡಿದ ಬೈನರಿ ಇನ್ನೊಂದರಲ್ಲಿ ಓಡದು. ಮುಕ್ತ ತಂತ್ರಾಂಶದ ಸೋರ್ಸ್ ಕೋಡ್ ಎಲ್ಲರಿಗೂ ಸಿಗುವುದರಿಂದ ಅದನ್ನು ಹೊಸ ಪ್ರೊಸೆಸರ್‌ಗೆ ಒಯ್ಯಲು ಮೂಲ ಲೇಖಕರ ಅಪ್ಪಣೆಗೆ ಕಾಯಬೇಕಿಲ್ಲ. ಅಪ್ಪಣೆ ಪರವಾನಗಿಯಲ್ಲೇ ಇದೆ. ಆ ಅಪ್ಪಣೆಯ ಜೊತೆಗೆ ಷರತ್ತುಗಳೂ ಇವೆ. ಅವುಗಳನ್ನು ನಡೆಸಿಕೊಡುವುದೇ ಪರವಾನಗಿ ಪಾಲನೆ.

ಪ್ಯಾಕೇಜಿನ ಹೆಸರಿನ ಮುಂದೆ ಅದರ ಪರವಾನಗಿಯನ್ನು ಒಮ್ಮೆ ಬರೆದಿಟ್ಟರೆ ಎಲ್ಲ ಪ್ರೊಸೆಸರ್‌ಗಳಿಗೂ ಅಷ್ಟೇ ಸಾಕು ಎಂಬ ನಂಬಿಕೆ ಎಂಜಿನಿಯರುಗಳಲ್ಲಿ ಸಾಮಾನ್ಯ. ಅದು ಪೂರ್ತಿ ನಿಜವಲ್ಲ. ಪರವಾನಗಿಯ ಬಹುತೇಕ ಹೊಣೆಗಳು ಹುಟ್ಟುವುದು ಹಂಚುವ ಬೈನರಿಯಿಂದ. ಆ ಬೈನರಿಯೊಳಗೆ ಏನೇನು ಸೇರಿಕೊಂಡಿದೆ ಎಂಬುದು ಆರ್ಕಿಟೆಕ್ಚರ್‌ನಿಂದ ಆರ್ಕಿಟೆಕ್ಚರ್‌ಗೆ, ಅಂದರೆ ಪ್ರೊಸೆಸರ್‌ನ ಬಗೆಯಿಂದ ಬಗೆಗೆ, ಬದಲಾಗುತ್ತದೆ. ಆದ್ದರಿಂದ ಒಂದೇ ಸೋರ್ಸ್‌ನಿಂದ ಹುಟ್ಟಿದ ಎರಡು ಬೈನರಿಗಳು ಎರಡು ಬೇರೆ ಪರವಾನಗಿ ಪಟ್ಟಿಗಳನ್ನು ಹೊತ್ತು ಹೊರಡಬಹುದು.

ಹೊಣೆ ಹುಟ್ಟುವ ಹೊತ್ತು

ತನ್ನ ಸ್ವಂತ ಯಂತ್ರದಲ್ಲಿ ಓಡಿಸಲೆಂದು ಪೋರ್ಟ್ ಮಾಡಿಕೊಂಡವನು ಜಿಪಿಎಲ್ ಎಂಬ ಪರವಾನಗಿಯ ಅಡಿಯಲ್ಲಿ ಯಾರಿಗೂ ಸೋರ್ಸ್ ಕೊಡಬೇಕಿಲ್ಲ. ಬೈನರಿಯನ್ನು ಇನ್ನೊಬ್ಬರಿಗೆ ಕೊಟ್ಟ ಗಳಿಗೆಯಲ್ಲಿ ಹೊಣೆ ಶುರುವಾಗುತ್ತದೆ. ಕೊಡುವ ದಾರಿ ಯಾವುದಾದರೂ ಸರಿ, ಪೆಟ್ಟಿಗೆಯೊಳಗಿನ ಸಾಧನ, ಡೌನ್‌ಲೋಡ್ ಕಡತ, ಕಂಟೇನರ್ ಇಮೇಜ್ ಎಲ್ಲವೂ ಒಂದೇ. ಒಂದು ಸಾಲನ್ನೂ ಬದಲಿಸದೆ ಬರೀ ಮರು-ಕಂಪೈಲ್ ಮಾಡಿದ್ದರೂ ಹಂಚಿದವನು ಹಂಚಿದವನೇ. 'ನಾವೇನೂ ಬದಲಿಸಿಲ್ಲವಲ್ಲ' ಎಂಬ ವಾದ ಬಹಳ ಕೇಳಿಬರುತ್ತದೆ. 1991ರ ಜಿಪಿಎಲ್ ಎರಡನೆಯ ಆವೃತ್ತಿಯಲ್ಲಿ ಅದಕ್ಕೆ ಆಧಾರವಿಲ್ಲ.

ಕೆಲಸವನ್ನು ಹೊರಗಿನವರಿಗೆ ಗುತ್ತಿಗೆ ಕೊಟ್ಟಾಗ ಏನು? 2007ರ ಜೂನ್‌ನಲ್ಲಿ ಬಂದ ಜಿಪಿಎಲ್ ಮೂರನೆಯ ಆವೃತ್ತಿ ಇದನ್ನು ಬಿಡಿಸಿ ಹೇಳಿದೆ: ನಿಮಗಾಗಿ ಮಾತ್ರ ಮಾರ್ಪಾಡು ಮಾಡಿಕೊಡಲೆಂದು ಒಬ್ಬರಿಗೆ ಕೋಡ್ ಒಪ್ಪಿಸಬಹುದು, ಅವರು ನಿಮ್ಮ ಹತೋಟಿಯಲ್ಲೇ ಕೆಲಸ ಮಾಡಬೇಕು. ಹೊರದೇಶದ ಚಿಪ್ ಕಂಪನಿಗಳಿಗಾಗಿ ಪೋರ್ಟಿಂಗ್ ಮಾಡಿಕೊಡುವ ಬೆಂಗಳೂರಿನ ಸೇವಾ ಸಂಸ್ಥೆಗಳಿಗೆ ನೇರವಾಗಿ ಅನ್ವಯಿಸುವ ಮಾತು ಇದು.

ಪರವಾನಗಿಗಳಲ್ಲಿ ಎರಡು ದೊಡ್ಡ ಬಣಗಳಿವೆ. ಎಂಐಟಿ, ಬಿಎಸ್‌ಡಿ, ಅಪಾಚೆ ಪರವಾನಗಿಗಳು ಉದಾರಿಗಳು: ಹಕ್ಕುಸ್ವಾಮ್ಯದ ಸೂಚನೆಯನ್ನೂ ಪರವಾನಗಿಯ ಪಠ್ಯವನ್ನೂ ಉಳಿಸಿಕೊಂಡರೆ ಮುಚ್ಚಿದ ಉತ್ಪನ್ನದಲ್ಲೂ ಬಳಸಬಹುದು. 2004ರ ಅಪಾಚೆ 2.0 ಪೇಟೆಂಟ್ ಅನುಮತಿಯನ್ನು ಸೇರಿಸಿತು, ಬದಲಿಸಿದ ಕಡತಗಳಲ್ಲಿ 'ಬದಲಿಸಲಾಗಿದೆ' ಎಂದು ಬರೆಯಲು ಹೇಳಿತು, ಮೂಲದಲ್ಲಿ ನೋಟೀಸ್ ಕಡತವಿದ್ದರೆ ಅದನ್ನೂ ಜೊತೆಗೆ ಒಯ್ಯಬೇಕೆಂದಿತು. ಜಿಪಿಎಲ್, ಎಲ್‌ಜಿಪಿಎಲ್‌ಗಳದು ಕಾಪಿಲೆಫ್ಟ್ ಬಣ. ಬೈನರಿಯ ಬೆನ್ನಿಗೆ ಸೋರ್ಸ್ ಕೂಡ ಹೋಗಬೇಕು. ಪೋರ್ಟಿಂಗ್‌ನ ಹೆಚ್ಚಿನ ತೊಡಕುಗಳು ಇರುವುದು ಈ ಎರಡನೆಯ ಬಣದಲ್ಲಿ. ಹಾಗೆಂದು ಉದಾರಿಗಳು ನಿರುಪದ್ರವಿಗಳೆಂದು ತಿಳಿಯುವಂತಿಲ್ಲ. ಬಿಎಸ್‌ಡಿ ಪರವಾನಗಿಯ ಪಠ್ಯ ಬೈನರಿಯ ಜೊತೆ ಹೋಗಲೇಬೇಕು, ಮತ್ತು ತಪ್ಪಿಹೋಗುವುದು ಅದೇ ಹೆಚ್ಚು.

ಒಂದೇ ಸೋರ್ಸ್, ಬೇರೆ ಬೇರೆ ಪಟ್ಟಿ

ವಿಡಿಯೊ ಮತ್ತು ಧ್ವನಿ ಸಂಸ್ಕರಣೆಗೆ ಜಗತ್ತಿನಾದ್ಯಂತ ಬಳಸುವ ಎಫ್‌ಎಫ್‌ಎಂಪೆಗ್ ಒಳ್ಳೆಯ ನಿದರ್ಶನ. ಅದರ ಬಹುಪಾಲು ಎಲ್‌ಜಿಪಿಎಲ್ 2.1 ಅಡಿಯಲ್ಲಿದೆ. ಕೆಲವು ಐಚ್ಛಿಕ ಭಾಗಗಳು ಮಾತ್ರ ಜಿಪಿಎಲ್. ಅವುಗಳ ಪಟ್ಟಿಯಲ್ಲಿ ಎಕ್ಸ್86 ಪ್ರೊಸೆಸರ್‌ಗಳಿಗಾಗಿಯೇ ಬರೆದ ಅಸೆಂಬ್ಲಿ ಕಡತಗಳೂ ಇವೆ. ಜಿಪಿಎಲ್ ಆಯ್ಕೆಯನ್ನು ತೆರೆದು ಎಕ್ಸ್86ಕ್ಕೆ ಕಟ್ಟಿದರೆ ಅವು ಒಳಗೆ ಬರುತ್ತವೆ; ಅದೇ ಸೋರ್ಸ್ ಅನ್ನು ಆರ್ಮ್‌ಗೆ ಕಟ್ಟಿದಾಗ ಅವುಗಳ ಸುಳಿವೇ ಇರುವುದಿಲ್ಲ. ಕಟ್ಟುವ ಆಯ್ಕೆ ಮತ್ತು ಪ್ರೊಸೆಸರ್ ಎರಡನ್ನೂ ನೋಡದೆ ಈ ಬೈನರಿಯಲ್ಲಿ ಏನಿದೆ ಎಂದು ಹೇಳಲಾಗದು.

ಇದಕ್ಕಿಂತ ಸೂಕ್ಷ್ಮವಾದದ್ದು ಕಂಪೈಲರ್ ತಾನಾಗಿ ಸೇರಿಸುವ ಕೋಡ್. ಆರ್ಮ್ ಕಾರ್ಟೆಕ್ಸ್-ಎಂ0 ಪ್ರೊಸೆಸರ್‌ನಲ್ಲಿ ಭಾಗಾಕಾರದ ಆಜ್ಞೆಯೇ ಇಲ್ಲ. ರಿಸ್ಕ್-ಫೈವ್‌ನ ಮೂಲ ಆಜ್ಞಾಸಮೂಹದಲ್ಲಿ ಗುಣಾಕಾರವೂ ಇಲ್ಲ, ಅದು ಪ್ರತ್ಯೇಕ ವಿಸ್ತರಣೆ. ಅಂಥ ಕಡೆ ಸಿ ಭಾಷೆಯ ಒಂದು ಸಾಮಾನ್ಯ ಭಾಗಾಕಾರ ಕಂಡರೆ ಜಿಸಿಸಿ ಕಂಪೈಲರ್ ತನ್ನ ಲಿಬ್‌ಜಿಸಿಸಿ ಗ್ರಂಥಾಲಯದ ತುಣುಕನ್ನು ತಂದು ಬೈನರಿಗೆ ಅಂಟಿಸುತ್ತದೆ. ಆ ಗ್ರಂಥಾಲಯ ಜಿಪಿಎಲ್ 3ರಲ್ಲಿದೆ. ಹಾಗಾದರೆ ಭಾಗಾಕಾರ ಮಾಡಿದ ಪ್ರತಿಯೊಂದು ವಾಣಿಜ್ಯ ತಂತ್ರಾಂಶವೂ ಜಿಪಿಎಲ್ ಆಗಬೇಕಲ್ಲ ಎಂಬ ಭಯ ಸಹಜ. ಆ ಭಯ ನಿವಾರಿಸಲೆಂದೇ ಜಿಸಿಸಿ ರನ್‌ಟೈಮ್ ಗ್ರಂಥಾಲಯ ವಿನಾಯಿತಿ ಇದೆ; 2009ರಲ್ಲಿ ಅದರ 3.1ನೆಯ ಆವೃತ್ತಿ ಬಂತು. ವಿನಾಯಿತಿಗೂ ಒಂದು ಕಟ್ಟು ಇದೆ: ಕಂಪೈಲ್ ಮಾಡುವ ಹಾದಿಯಲ್ಲಿ ಜಿಸಿಸಿಯನ್ನು ಜಿಪಿಎಲ್‌ಗೆ ಹೊಂದದ ತಂತ್ರಾಂಶದೊಂದಿಗೆ ಬೆರೆಸಿರಬಾರದು. ಹೊಸ ಪ್ರೊಸೆಸರ್ ತರುವ ಕಂಪನಿ ತನ್ನ ಮುಚ್ಚಿದ ಆಪ್ಟಿಮೈಸರ್ ಒಂದನ್ನು ಜಿಸಿಸಿಯ ನಡುವೆ ತೂರಿಸಿದರೆ ವಿನಾಯಿತಿ ಕೈತಪ್ಪಬಹುದು. ಎಲ್‌ಎಲ್‌ವಿಎಂ ಎಂಬ ಇನ್ನೊಂದು ಕಂಪೈಲರ್ ಯೋಜನೆಗೂ ಇದೇ ಬಗೆಯ ಚಿಂತೆ ಇತ್ತು. 2019ರಲ್ಲಿ ಅದು ಅಪಾಚೆ 2.0ಕ್ಕೆ ಬದಲಾದಾಗ ಜೊತೆಗೊಂದು ವಿನಾಯಿತಿಯನ್ನು ಸೇರಿಸಿ, ಕಂಪೈಲರ್ ತಾನಾಗಿ ತುಂಬಿದ ತುಣುಕುಗಳಿಗೆ ಪರವಾನಗಿ ಪಠ್ಯ ಹೊರುವ ಹೊರೆಯನ್ನು ಇಳಿಸಿತು.

ಫೋರ್ಟ್ರಾನ್ ಕೋಡ್‌ನಲ್ಲಿ ಇನ್ನೊಂದು ವಿಚಿತ್ರ. ಎಕ್ಸ್86-64ರಲ್ಲಿ ಜಿಸಿಸಿಯ ಫೋರ್ಟ್ರಾನ್ ಗ್ರಂಥಾಲಯ 128 ಬಿಟ್ ಫ್ಲೋಟಿಂಗ್ ಪಾಯಿಂಟ್ ಗಣಿತಕ್ಕಾಗಿ ಲಿಬ್‌ಕ್ವಾಡ್‌ಮ್ಯಾತ್ ಅನ್ನು ಅವಲಂಬಿಸುತ್ತದೆ, ಅದು ಎಲ್‌ಜಿಪಿಎಲ್. 64 ಬಿಟ್ ಆರ್ಮ್‌ನಲ್ಲಿ ಲಾಂಗ್ ಡಬಲ್ ಎಂಬುದೇ 128 ಬಿಟ್ ಆದ್ದರಿಂದ ಆ ಗ್ರಂಥಾಲಯ ಬೇಕಾಗುವುದಿಲ್ಲ. ನಮ್‌ಪೈನಂಥ ಪೈಥಾನ್ ಪ್ಯಾಕೇಜುಗಳು ಪ್ರತಿ ವೇದಿಕೆಗೂ ಬೇರೆ ಪರವಾನಗಿ ಟಿಪ್ಪಣಿಯನ್ನು ಬೈನರಿಗೆ ಅಂಟಿಸುವುದು ಒಳಗೆ ಸೇರಿಸಿದ ಇಂಥ ಗ್ರಂಥಾಲಯಗಳ ಲೆಕ್ಕ ಇಡಲೆಂದು.

ಮೆಮೊರಿಯನ್ನು ನಿರ್ವಹಿಸುವ ಘಟಕ (ಎಂಎಂಯು) ಇಲ್ಲದ ಸಣ್ಣ ಪ್ರೊಸೆಸರ್‌ಗಳಲ್ಲಿ ಹಂಚಿಕೆಯ ಗ್ರಂಥಾಲಯಗಳನ್ನು ನಡೆಸುವುದು ಕಷ್ಟ, ಆದ್ದರಿಂದ ಎಲ್ಲವನ್ನೂ ಸ್ಥಿರವಾಗಿ ಲಿಂಕ್ ಮಾಡುತ್ತಾರೆ. ಡೆಸ್ಕ್‌ಟಾಪ್‌ನಲ್ಲಿ ಪ್ರತ್ಯೇಕ ಕಡತವಾಗಿ ಕೂತಿದ್ದ ಎಲ್‌ಜಿಪಿಎಲ್ ಗ್ರಂಥಾಲಯ ಇಲ್ಲಿ ಮುಚ್ಚಿದ ಕೋಡ್‌ನೊಂದಿಗೆ ಬೆಸೆದುಹೋಗುತ್ತದೆ. ಎಲ್‌ಜಿಪಿಎಲ್ 2.1ರ ಆರನೆಯ ಕಲಂ ಆಗ ಮರು-ಲಿಂಕ್ ಮಾಡಲು ಬೇಕಾದ ಆಬ್ಜೆಕ್ಟ್ ಕಡತಗಳನ್ನಾದರೂ ಕೊಡಿ ಎನ್ನುತ್ತದೆ, ಗಿರಾಕಿ ತನ್ನ ಮಾರ್ಪಾಡುಗಳ ದೋಷ ಹುಡುಕಲು ರಿವರ್ಸ್ ಎಂಜಿನಿಯರಿಂಗ್ ಮಾಡುವುದನ್ನು ತಡೆಯಬೇಡಿ ಎನ್ನುತ್ತದೆ. ಮುಚ್ಚಿದ ಕೋಡ್‌ನ ವಕೀಲರು ಈ ಕಲಮನ್ನು ಓದುವುದು ಬಹುಪಾಲು ಸಾಧನ ಮಾರುಕಟ್ಟೆಗೆ ಹೋದ ಮೇಲೆಯೇ.

ಹಳೆಯ ಪ್ಯಾಕೇಜನ್ನು ಹೊಸ ಆರ್ಕಿಟೆಕ್ಚರ್‌ಗೆ ಕಟ್ಟಲು ಕೂತವರಿಗೆ ಮೊದಲು ಎದುರಾಗುವ ತಡೆ ಕಾನ್ಫಿಗ್.ಗೆಸ್ ಮತ್ತು ಕಾನ್ಫಿಗ್.ಸಬ್ ಎಂಬ ಎರಡು ಸ್ಕ್ರಿಪ್ಟುಗಳು. ಯಂತ್ರ ಯಾವುದೆಂದು ಗುರುತಿಸುವುದು ಅವುಗಳ ಕೆಲಸ. ತೀರ ಹಳೆಯ ಪ್ರತಿಗೆ ರಿಸ್ಕ್-ಫೈವ್ ಎಂಬ ಹೆಸರೇ ಗೊತ್ತಿರುವುದಿಲ್ಲ. ಹೊಸ ಪ್ರತಿ ತಂದು ಹಾಕಿದರೆ ತಡೆ ನಿವಾರಣೆ. ಆದರೆ ಹೊಸ ಪ್ರತಿ ಜಿಪಿಎಲ್ 3ರಲ್ಲಿದೆ. ಅದನ್ನು ಎಂಐಟಿ ಪ್ಯಾಕೇಜಿನೊಳಗೆ ಹಾಕಬಹುದೇ? ಹಾಕಬಹುದು. ಆಟೊಕಾನ್ಫ್ ಎಂಬ ಉಪಕರಣ ಹುಟ್ಟಿಸಿದ ಕಾನ್ಫಿಗರ್ ಸ್ಕ್ರಿಪ್ಟ್ ಆ ಪ್ಯಾಕೇಜಿನಲ್ಲಿದ್ದರೆ ಉಳಿದ ಕೋಡ್‌ನ ಷರತ್ತಿನಲ್ಲೇ ಇವನ್ನೂ ಹಂಚಬಹುದೆಂದು ಕಡತದ ತಲೆಯಲ್ಲೇ ವಿನಾಯಿತಿ ಬರೆದಿದೆ. ಪರವಾನಗಿ ಸ್ಕ್ಯಾನರುಗಳು ಆ ಸಾಲನ್ನು ಗಮನಿಸದೆ ಅಲಾರಾಂ ಬಾರಿಸಿದಾಗ ಎಂಜಿನಿಯರ್ ಕಡತವನ್ನು ತೆರೆದು ಓದಬೇಕಾಗುತ್ತದೆ.

ಅಸೆಂಬ್ಲಿಯ ಅನುವಾದ

ವೇಗಕ್ಕಾಗಿ ಕೈಯಾರೆ ಬರೆದ ಅಸೆಂಬ್ಲಿ ಕೋಡ್ ಕಂಪೈಲರ್‌ನ ಕೈಗೆ ಸಿಗುವುದಿಲ್ಲ, ಹೊಸ ಪ್ರೊಸೆಸರ್‌ಗೆ ಮತ್ತೆ ಬರೆಯಬೇಕು. ಎಕ್ಸ್86ರ ಅಸೆಂಬ್ಲಿಯನ್ನು ಮುಂದಿಟ್ಟುಕೊಂಡು ಆಜ್ಞೆಗೆ ಆಜ್ಞೆ ಆರ್ಮ್‌ಗೆ ಇಳಿಸಿದರೆ ಅದು ಮೂಲದ ರೂಪಾಂತರ, ಮೂಲದ ಪರವಾನಗಿಯೇ ಅದಕ್ಕೂ. ಗಣಿತದ ವಿಧಾನವನ್ನು ಪ್ರಕಟಿತ ಮಾನಕದಿಂದ ತಿಳಿದು ಸ್ವತಂತ್ರವಾಗಿ ಬರೆದರೆ ಲೇಖಕ ತನಗೆ ಬೇಕಾದ ಪರವಾನಗಿ ಆರಿಸಿಕೊಳ್ಳಬಹುದು. ಎರಡರ ನಡುವಿನ ಗೆರೆ ಕೋರ್ಟಿಗೆ ಹೋದಾಗಲಷ್ಟೇ ಸ್ಪಷ್ಟವಾಗುವಂಥದು, ಹಾಗಾಗಿ ಎಚ್ಚರದ ತಂಡಗಳು ಯಾರು ಯಾವ ಕಡತ ನೋಡಿದರೆಂಬ ದಾಖಲೆ ಇಡುತ್ತವೆ. ಎಕ್ಸ್264 ಎಂಬ ವಿಡಿಯೊ ಎನ್‌ಕೋಡರ್ ಯೋಜನೆ ಜಿಪಿಎಲ್‌ನಲ್ಲಿದ್ದರೂ ಅದರ ಅಸೆಂಬ್ಲಿ ಮ್ಯಾಕ್ರೊಗಳ ಒಂದು ಕಡತವನ್ನು ಬೇಕೆಂದೇ ಉದಾರವಾದ ಐಎಸ್‌ಸಿ ಪರವಾನಗಿಯಲ್ಲಿ ಬಿಟ್ಟಿದೆ. ಇತರ ವಿಡಿಯೊ ಯೋಜನೆಗಳು ಅದನ್ನು ನಿಶ್ಚಿಂತೆಯಿಂದ ಬಳಸುತ್ತವೆ. ಇಂಟೆಲ್‌ನ ಎಸ್‌ಎಸ್‌ಇ ಕರೆಗಳನ್ನು ಆರ್ಮ್‌ನ ನಿಯಾನ್ ಕರೆಗಳಾಗಿಸುವ ಎಸ್‌ಎಸ್‌ಇ2ನಿಯಾನ್ ಎಂಬ ಹೆಡರ್ ಕಡತ ಪೋರ್ಟಿಂಗ್‌ನಲ್ಲಿ ಬಹಳ ಬಳಕೆಯಲ್ಲಿದೆ. ಅದು ಎಂಐಟಿ. ಆರ್ಮ್ ಬೈನರಿಯ ಪಟ್ಟಿಗೆ ಅಲ್ಲೊಂದು ಹೊಸ ಸಾಲು ಸೇರಿತು, ಎಕ್ಸ್86 ಪಟ್ಟಿಯಲ್ಲಿ ಅದಿಲ್ಲ.

ಓಪನ್‌ಎಸ್‌ಎಸ್‌ಎಲ್‌ನ ಗೂಢಲಿಪಿ ಅಸೆಂಬ್ಲಿ ಇನ್ನೂ ಸ್ವಾರಸ್ಯಕರ. ಅದನ್ನು ನೇರ ಅಸೆಂಬ್ಲಿಯಲ್ಲಿ ಬರೆದಿಲ್ಲ; ಪರ್ಲ್ ಸ್ಕ್ರಿಪ್ಟುಗಳು ಪ್ರತಿ ಪ್ರೊಸೆಸರ್‌ಗೂ ಅಸೆಂಬ್ಲಿಯನ್ನು ಹೊರಡಿಸುತ್ತವೆ. ಜಿಪಿಎಲ್‌ನ ಪ್ರಕಾರ ಸೋರ್ಸ್ ಎಂದರೆ ಮಾರ್ಪಾಡು ಮಾಡಲು ಮೆಚ್ಚುವ ರೂಪ. ಇಂಥ ಸ್ಕ್ರಿಪ್ಟುಗಳಿಂದ ಹೊರಟ ಅಸೆಂಬ್ಲಿಯನ್ನು ಜಿಪಿಎಲ್ ಕೃತಿಯೊಂದಿಗೆ ಹಂಚುವಾಗ ಅಸೆಂಬ್ಲಿ ಕಡತ ಮಾತ್ರ ಕೊಟ್ಟರೆ ಸಾಲದು, ಪರ್ಲ್ ಮೂಲವೂ ಬೇಕು. ಲಿನಕ್ಸ್ ಕರ್ನೆಲ್ ಇವನ್ನು ಒಳತಂದುಕೊಂಡಾಗ ಪರ್ಲ್ ಕಡತಗಳನ್ನೂ ತಂದಿತು. ಓಪನ್‌ಎಸ್‌ಎಸ್‌ಎಲ್‌ನ ಹಳೆಯ ಪರವಾನಗಿಯಲ್ಲಿ ಜಾಹೀರಾತಿನ ಷರತ್ತಿದ್ದು ಜಿಪಿಎಲ್‌ಗೆ ಹೊಂದುತ್ತಿರಲಿಲ್ಲ. 2021ರ ಸೆಪ್ಟೆಂಬರ್‌ನ 3.0 ಆವೃತ್ತಿಯಿಂದ ಅದು ಅಪಾಚೆ 2.0.

ಸಂಪೂರ್ಣ ಸೋರ್ಸ್ ಎಂದರೆ ಎಷ್ಟು

ಜಿಪಿಎಲ್ 2ರ ಮೂರನೆಯ ಕಲಂ ಎಲ್ಲ ಮಾಡ್ಯೂಲುಗಳ ಸೋರ್ಸ್ ಜೊತೆಗೆ ಕಂಪೈಲ್ ಮತ್ತು ಇನ್‌ಸ್ಟಾಲ್ ನಿಯಂತ್ರಿಸುವ ಸ್ಕ್ರಿಪ್ಟುಗಳನ್ನೂ ಕೇಳುತ್ತದೆ. ಪೋರ್ಟ್ ಮಾಡಿದ ಕರ್ನೆಲ್‌ಗೆ ಇದರ ಅರ್ಥ ಕಾನ್ಫಿಗ್ ಕಡತ, ಬೋರ್ಡಿನ ಯಂತ್ರಾಂಶವನ್ನು ವಿವರಿಸುವ ಡಿವೈಸ್ ಟ್ರೀ, ಪ್ಯಾಚುಗಳು, ಕಟ್ಟುವ ಸ್ಕ್ರಿಪ್ಟು ಇಷ್ಟೂ. ಮೂಲ ತಾಣದ ಕೊಂಡಿಯನ್ನು ತೋರಿಸಿ ಕೈತೊಳೆದುಕೊಂಡರೆ ಪಾಲನೆಯಾಗದು, ಏಕೆಂದರೆ ಅಲ್ಲಿ ಪೋರ್ಟಿನ ಪ್ಯಾಚುಗಳಿರುವುದಿಲ್ಲ. ಸೋರ್ಸನ್ನು ಬೈನರಿಯ ಜೊತೆಗೇ ಕೊಡಬಹುದು, ಅಥವಾ ಕನಿಷ್ಠ 3 ವರ್ಷ ಊರ್ಜಿತವಾಗಿರುವ ಲಿಖಿತ ವಾಗ್ದಾನ ಕೊಡಬಹುದು. ಬದಲಿಸಿದ ಕಡತಗಳಲ್ಲಿ ಬದಲಾವಣೆಯ ಮಾತನ್ನೂ ತಾರೀಖನ್ನೂ ನಮೂದಿಸಬೇಕೆಂಬ ಷರತ್ತಿದೆ. ಗಿಟ್ ಇತಿಹಾಸ ಅದಕ್ಕೆ ಸಮವೆಂದು ಬಹುತೇಕರು ನಡೆದುಕೊಳ್ಳುತ್ತಾರೆ, ಅಕ್ಷರಶಃ ಓದಿದರೆ ಹಾಗಿಲ್ಲ.

ಆಪರೇಟಿಂಗ್ ಸಿಸ್ಟಂನೊಂದಿಗೆ ಎಂದಿನಂತೆ ಬರುವ ಕಂಪೈಲರ್, ಕರ್ನೆಲ್ ಮುಂತಾದವನ್ನು ಸೋರ್ಸ್ ಜೊತೆ ಸೇರಿಸಬೇಕಿಲ್ಲ ಎಂಬ ಸಡಿಲಿಕೆಯೂ ಅದೇ ಕಲಮಿನಲ್ಲಿದೆ. ಆ ಭಾಗಗಳು ಬೈನರಿಯ ಜೊತೆಗೇ ಬಂದರೆ ಸಡಿಲಿಕೆ ಇಲ್ಲ. ಡೆಸ್ಕ್‌ಟಾಪ್ ಪ್ಯಾಕೇಜಿಗೆ ಒದಗುವ ಈ ಅನುಕೂಲ, ಕರ್ನೆಲ್‌ನಿಂದ ಶೆಲ್‌ವರೆಗೆ ಎಲ್ಲವನ್ನೂ ಒಂದೇ ಫರ್ಮ್‌ವೇರಿನಲ್ಲಿ ತುಂಬಿ ಮಾರುವ ಸಾಧನಕ್ಕೆ ಒದಗುವುದಿಲ್ಲ. ಜಿಪಿಎಲ್ 3 ಇನ್ನೊಂದು ಹೆಜ್ಜೆ ಮುಂದಿಟ್ಟು, ಗೃಹಬಳಕೆಯ ಸಾಧನಗಳಲ್ಲಿ ಬದಲಿಸಿದ ಆವೃತ್ತಿಯನ್ನು ಕೂರಿಸಲು ಬೇಕಾದ ಕೀಲಿ ಇತ್ಯಾದಿ ಮಾಹಿತಿಯನ್ನೂ ಕೇಳಿತು. ಲಿನಕ್ಸ್ ಕರ್ನೆಲ್ ಎರಡನೆಯ ಆವೃತ್ತಿಯಲ್ಲೇ ಉಳಿದಿದೆ.

ಮಿಪ್ಸ್ ರೂಟರಿನ ಪ್ರಕರಣ

ಈ ಕ್ಷೇತ್ರದ ಇತಿಹಾಸ ಓದುವವರು ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ರೂಟರನ್ನು ಬಿಟ್ಟು ಮುಂದೆ ಹೋಗಲಾರರು. 2002ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಈ ವೈಫೈ ರೂಟರಿನಲ್ಲಿ ಬ್ರಾಡ್‌ಕಾಮ್‌ನ ಮಿಪ್ಸ್ ಚಿಪ್ ಇತ್ತು, ಅದರ ಮೇಲೆ ಪೋರ್ಟ್ ಮಾಡಿದ ಲಿನಕ್ಸ್ ಓಡುತ್ತಿತ್ತು, ಸೋರ್ಸ್ ಮಾತ್ರ ಎಲ್ಲೂ ಇರಲಿಲ್ಲ. 2003ರಲ್ಲಿ ಸಿಸ್ಕೊ ಲಿಂಕ್‌ಸಿಸ್ ಅನ್ನು ಸುಮಾರು 50 ಕೋಟಿ ಡಾಲರ್ ಬೆಲೆಗೆ ಕೊಂಡಿತು, ಜೊತೆಗೆ ಪರವಾನಗಿಯ ತೊಂದರೆಯನ್ನೂ ಕೊಂಡಿತು. ಅದೇ ವರ್ಷ ಡೆವಲಪರುಗಳು ಫರ್ಮ್‌ವೇರಿನೊಳಗೆ ಲಿನಕ್ಸ್ ಇರುವುದನ್ನು ಗುರುತಿಸಿ ಪ್ರಶ್ನಿಸಿದರು. ತಂತ್ರಾಂಶ ಬಂದ ದಾರಿ ಉದ್ದದ್ದು: ಚಿಪ್ ತಯಾರಕ ಬ್ರಾಡ್‌ಕಾಮ್, ಅದರಿಂದ ಸಾಧನ ಕಟ್ಟಿಕೊಡುವ ತೈವಾನಿನ ಸೈಬರ್‌ಟ್ಯಾನ್, ಅಲ್ಲಿಂದ ಲಿಂಕ್‌ಸಿಸ್, ಕೊನೆಗೆ ಸಿಸ್ಕೊ. ಒತ್ತಡಕ್ಕೆ ಮಣಿದು ಸೋರ್ಸ್ ಬಿಡುಗಡೆಯಾಯಿತು. ವೈಫೈ ಡ್ರೈವರ್ ಮಾತ್ರ ಬೈನರಿ ರೂಪದಲ್ಲೇ ಉಳಿಯಿತು. ಬಿಡುಗಡೆಯಾದ ಕೋಡಿನಿಂದ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಇಂದು ಅದು ಹತ್ತಾರು ಬಗೆಯ ಪ್ರೊಸೆಸರ್‌ಗಳ ಮೇಲೆ ಓಡುತ್ತದೆ. ಪರವಾನಗಿ ಪಾಲನೆಯಿಂದ ಹುಟ್ಟಿದ ಫಲಗಳಲ್ಲಿ ಇದಕ್ಕೆ ಮಿಗಿಲಾದದ್ದನ್ನು ಹೆಸರಿಸುವುದು ಕಷ್ಟ. ಸಿಸ್ಕೊ ಜೊತೆಗಿನ ಜಗಳ ಅಲ್ಲಿಗೇ ಮುಗಿಯಲಿಲ್ಲ: ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2008ರ ಡಿಸೆಂಬರ್‌ನಲ್ಲಿ ದಾವೆ ಹೂಡಿತು, 2009ರ ಮೇನಲ್ಲಿ ರಾಜಿಯಾಯಿತು.

ಯೂರೋಪಿನಲ್ಲಿ ಲಿನಕ್ಸ್‌ನ ಫೈರ್‌ವಾಲ್ ಭಾಗವಾದ ನೆಟ್‌ಫಿಲ್ಟರ್‌ನ ಲೇಖಕರಲ್ಲೊಬ್ಬರಾದ ಹರಾಲ್ಡ್ ವೆಲ್ಟೆ ರೂಟರ್ ಮಾರಾಟಗಾರ ಸೈಟ್‌ಕಾಮ್ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಮ್ಯೂನಿಕ್ ನ್ಯಾಯಾಲಯ 2004ರ ಮೇನಲ್ಲಿ ಜಿಪಿಎಲ್ ಅನ್ನು ಎತ್ತಿಹಿಡಿಯಿತು. ಅಮೆರಿಕದಲ್ಲಿ 2007ರಿಂದ, ಸಣ್ಣ ಸಾಧನಗಳ ಲಿನಕ್ಸ್‌ನಲ್ಲಿ ಬಳಸುವ ಬ್ಯುಸಿಬಾಕ್ಸ್ ಉಪಕರಣಗಳ ಲೇಖಕರ ದಾವೆಗಳು ಸಾಲಾಗಿ ಬಂದವು. ಇವುಗಳಲ್ಲಿ ಬಹುತೇಕ ಸಾಧನಗಳು ಎಕ್ಸ್86 ಅಲ್ಲದವು ಎಂಬುದು ಆಕಸ್ಮಿಕವಲ್ಲ: ಎಂಬೆಡೆಡ್ ಲೋಕದಲ್ಲಿ ಚಿಪ್ ಕಂಪನಿ ಕೊಟ್ಟ ಕಿಟ್‌ನಲ್ಲಿ ಏನಿದೆಯೆಂದು ಮುಂದಿನವರು ಕೇಳುವುದಿಲ್ಲ. ಕಳೆದುಕೊಂಡ ಹಕ್ಕನ್ನು ಮರಳಿ ಪಡೆಯುವ ದಾರಿ ಜಿಪಿಎಲ್ 2ರಲ್ಲಿ ಬರೆದಿಲ್ಲ, ಉಲ್ಲಂಘಿಸಿದರೆ ಅನುಮತಿ ತಾನಾಗಿ ರದ್ದು. ಜಿಪಿಎಲ್ 3ರಲ್ಲಿ ಹಕ್ಕುದಾರರಿಂದ ಮೊದಲ ಬಾರಿಗೆ ನೋಟೀಸು ಬಂದು 30 ದಿನದೊಳಗೆ ಸರಿಪಡಿಸಿದರೆ ಹಕ್ಕು ಮರಳುತ್ತದೆ.

ದೊಡ್ಡ ಯಂತ್ರಗಳ ಕಥೆ ಬೇರೆ. ಐಬಿಎಂ 1999ರ ಡಿಸೆಂಬರ್‌ನಲ್ಲಿ ಎಸ್390 ಮೇನ್‌ಫ್ರೇಮ್‌ಗೆ ಲಿನಕ್ಸ್ ಪೋರ್ಟನ್ನು ಪ್ರಕಟಿಸಿದಾಗ ಕರ್ನೆಲ್ ಪ್ಯಾಚುಗಳನ್ನು ಜಿಪಿಎಲ್‌ನಲ್ಲೇ ಕೊಟ್ಟಿತು, ಕೆಲವು ನೆಟ್‌ವರ್ಕ್ ಡ್ರೈವರುಗಳನ್ನು ಆಬ್ಜೆಕ್ಟ್ ಕೋಡ್ ರೂಪದಲ್ಲಿ ಮಾತ್ರ. ಕರ್ನೆಲ್ ಬದಲಾದಾಗಲೆಲ್ಲ ಹೊಸ ಬೈನರಿಗೆ ಕಾಯಬೇಕಾದ ಗಿರಾಕಿಗಳ ಪಾಡು ಸುಖದ್ದಾಗಿರಲಿಲ್ಲ. ಮುಂದೆ ಅವೂ ತೆರೆದುಕೊಂಡವು.

ಡೆಬಿಯನ್‌ನ ಪದ್ಧತಿ

ಬಹು ಆರ್ಕಿಟೆಕ್ಚರ್‌ಗಳಿಗೆ ಸಾವಿರಾರು ಪ್ಯಾಕೇಜುಗಳನ್ನು ಕಟ್ಟಿ ಹಂಚುವ ಡೆಬಿಯನ್ ಯೋಜನೆ ಈ ವಿಷಯದಲ್ಲಿ ಅತ್ಯಂತ ಶಿಸ್ತಿನದು. ಪ್ರತಿ ಪ್ಯಾಕೇಜಿಗೂ ಒಂದು ಕಾಪಿರೈಟ್ ಕಡತ ಕಡ್ಡಾಯ. ಸೋರ್ಸ್ ಒಮ್ಮೆ ಬಂದರೆ ಬಿಲ್ಡ್ ಡೀಮನ್‌ಗಳೆಂಬ ಯಂತ್ರಗಳು ಎಲ್ಲ ಆರ್ಕಿಟೆಕ್ಚರ್‌ಗಳಿಗೂ ತಾವೇ ಕಟ್ಟುತ್ತವೆ. ಸ್ಥಿರವಾಗಿ ಲಿಂಕ್ ಆದ ಬೈನರಿಗಳಲ್ಲಿ ಯಾವ ಪ್ಯಾಕೇಜಿನ ಯಾವ ಆವೃತ್ತಿ ಬೆಸೆದಿದೆಯೆಂದು 'ಬಿಲ್ಟ್-ಯೂಸಿಂಗ್' ಎಂಬ ನಮೂದಿನಲ್ಲಿ ಬರೆಯುತ್ತಾರೆ, ಆ ಹಳೆಯ ಸೋರ್ಸ್ ಭಂಡಾರದಿಂದ ಅಳಿಸಿಹೋಗದಿರಲಿ ಎಂದು.

ಮುಕ್ತವಲ್ಲದ ವಿಭಾಗದ ಪ್ಯಾಕೇಜುಗಳಿಗೆ ಬೇರೆಯೇ ನಿಯಮ. ಹಂಚಲು ಅನುಮತಿ ಇದ್ದ ಮಾತ್ರಕ್ಕೆ ಮಾರ್ಪಡಿಸಿ ಕಟ್ಟಿ ಹಂಚುವ ಅನುಮತಿ ಇದೆಯೆಂದೇನಿಲ್ಲ. ಹಾಗಾಗಿ ನಿರ್ವಾಹಕರು ಪರವಾನಗಿ ಓದಿ 'ಆಟೊಬಿಲ್ಡ್: ಯೆಸ್' ಎಂದು ನಮೂದಿಸದೆ ಆ ಪ್ಯಾಕೇಜುಗಳನ್ನು ಬಿಲ್ಡ್ ಡೀಮನ್‌ಗಳು ಮುಟ್ಟುವುದಿಲ್ಲ. ತಾಂತ್ರಿಕವಾಗಿ ಐದು ನಿಮಿಷದ ಪೋರ್ಟ್ ಒಂದು ಸಾಲಿಗಾಗಿ ನಿಂತಿರುವ ಪ್ರಸಂಗಗಳಿಗೆ ಕಾರಣ ಇದು.

ರಿಸ್ಕ್-ಫೈವ್ 2023ರ ಜುಲೈನಲ್ಲಿ ಡೆಬಿಯನ್‌ನ ಅಧಿಕೃತ ಆರ್ಕಿಟೆಕ್ಚರ್ ಆಯಿತು, 2025ರ ಆಗಸ್ಟ್‌ನ 13ನೆಯ ಆವೃತ್ತಿಯಲ್ಲಿ ಮೊದಲ ಬಾರಿ ಬಿಡುಗಡೆ ಕಂಡಿತು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಅದು ಡೆಬಿಯನ್ ಪೋರ್ಟ್ಸ್ ಎಂಬ ಹೊರಜಗಲಿಯಲ್ಲಿತ್ತು. ಮುಖ್ಯ ಭಂಡಾರಕ್ಕೆ ಇನ್ನೂ ಸೇರದ ಪ್ಯಾಚು ಹಚ್ಚಿದ ಪ್ಯಾಕೇಜುಗಳಿಗೆ ಅಲ್ಲಿ 'ಅನ್‌ರಿಲೀಸ್ಡ್' ಎಂಬ ಪ್ರತ್ಯೇಕ ಅಂಕಣವಿದೆ, ಅವುಗಳ ಸೋರ್ಸನ್ನೂ ಅಲ್ಲೇ ಇಡಬೇಕು.

ಫರ್ಮ್‌ವೇರ್ ಮತ್ತು ಹೆಸರು

ರಾಸ್ಪ್‌ಬೆರಿ ಪೈ ಬೋರ್ಡನ್ನು ಎಬ್ಬಿಸುವ ಬೂಟ್ ಫರ್ಮ್‌ವೇರ್ ಬೈನರಿ ರೂಪದಲ್ಲಷ್ಟೇ ಸಿಗುತ್ತದೆ, ಅದನ್ನು ರಾಸ್ಪ್‌ಬೆರಿ ಪೈ ಸಾಧನಗಳಿಗಾಗಿ ಮಾತ್ರ ಬಳಸಬೇಕೆಂದು ಪರವಾನಗಿ ಹೇಳುತ್ತದೆ. ಒಂದು ಉತ್ಪನ್ನಕ್ಕೆ ಕಟ್ಟಿಹಾಕಿದ ಪರವಾನಗಿ ಓಪನ್ ಸೋರ್ಸ್ ವ್ಯಾಖ್ಯೆಗೆ ಹೊಂದುವುದಿಲ್ಲ. ಆರ್ಮ್ ಬೋರ್ಡುಗಳಿಗೆ ಡಿಸ್ಕ್ ಇಮೇಜ್ ಹಂಚುವವರು ಇಂಥ ಕಡತಗಳನ್ನು ಮುಕ್ತ ಪ್ಯಾಕೇಜುಗಳಿಂದ ಬೇರ್ಪಡಿಸಿ ತೋರಿಸಬೇಕಾಗುತ್ತದೆ. ಡೆಬಿಯನ್ 12ರಿಂದ ಅವಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಡಿವೈಸ್ ಟ್ರೀ ಕಡತಗಳ ಕಥೆ ಸುಖಾಂತ: ಫ್ರೀಬಿಎಸ್‌ಡಿಯಂಥ ಇತರ ವ್ಯವಸ್ಥೆಗಳೂ ಬಳಸಲಿ ಎಂದು ಅನೇಕ ಆರ್ಮ್ ಬೋರ್ಡುಗಳವನ್ನು ಜಿಪಿಎಲ್ ಮತ್ತು ಎಂಐಟಿ ಎರಡರಲ್ಲೂ ಬಿಡಲಾಗಿದೆ.

ಹಕ್ಕುಸ್ವಾಮ್ಯದ ಪರವಾನಗಿ ಟ್ರೇಡ್‌ಮಾರ್ಕಿನ ಅನುಮತಿ ಕೊಡುವುದಿಲ್ಲ. ತನ್ನ ಪ್ಯಾಚುಗಳೊಂದಿಗೆ ಫೈರ್‌ಫಾಕ್ಸ್ ಹಂಚುತ್ತಿದ್ದ ಡೆಬಿಯನ್ ಮೊಜಿಲ್ಲಾದೊಂದಿಗೆ ಹೆಸರಿನ ವಿಷಯದಲ್ಲಿ ಒಮ್ಮತಕ್ಕೆ ಬಾರದೆ 2006ರಿಂದ 2016ರವರೆಗೆ ಅದನ್ನು ಐಸ್‌ವೀಸಲ್ ಎಂದು ಕರೆಯಿತು. ಪೋರ್ಟ್ ಎಂದರೆ ಪ್ಯಾಚು. ಪ್ಯಾಚು ಹಚ್ಚಿದ ಮೇಲೂ ಹಳೆಯ ಹೆಸರು ಉಳಿಸಿಕೊಳ್ಳಬಹುದೇ ಎಂಬುದು ಪ್ರತ್ಯೇಕ ಪ್ರಶ್ನೆ.

ಭಾರತದಲ್ಲಿ

ಬೆಂಗಳೂರಿನ ಸಿಂಪ್ಯೂಟರ್ ಈ ಚರ್ಚೆಯಲ್ಲಿ ನೆನೆಯಬೇಕಾದ ಹೆಸರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರೂ ಸೇರಿ ರೂಪಿಸಿದ ಈ ಕೈಗಣಕದ ಮಾದರಿ 2001ರಲ್ಲಿ ಹೊರಬಂತು. ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್ ಮೇಲೆ ಲಿನಕ್ಸ್ ಓಡುತ್ತಿತ್ತು. ತಂತ್ರಾಂಶಕ್ಕೆ ಜಿಪಿಎಲ್ ಇತ್ತು. ಯಂತ್ರಾಂಶದ ವಿನ್ಯಾಸಕ್ಕೆ ಜಿಪಿಎಲ್‌ನ ಮಾದರಿಯಲ್ಲಿ ಸಿಂಪ್ಯೂಟರ್ ಟ್ರಸ್ಟ್ ತನ್ನದೇ ಪರವಾನಗಿ ಬರೆದುಕೊಂಡಿತು, ತೆರೆದ ಯಂತ್ರಾಂಶ ಪರವಾನಗಿಗಳು ವಿರಳವಾಗಿದ್ದ ಕಾಲದಲ್ಲಿ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಹಯೋಗದೊಂದಿಗೆ ಅಮಿಡಾ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು, ಹೆಚ್ಚು ಮಾರಾಟವಾಗಲಿಲ್ಲ. ಮದ್ರಾಸ್ ಐಐಟಿಯ ಶಕ್ತಿ ಪ್ರೊಸೆಸರ್ ರಿಸ್ಕ್-ಫೈವ್ ಆಧಾರಿತ. ಅದರ ವಿನ್ಯಾಸದ ಕೋಡ್ ಬಿಎಸ್‌ಡಿ ಪರವಾನಗಿಯಲ್ಲಿದೆ. ರಿಸ್ಕ್-ಫೈವ್ ಆಜ್ಞಾಸಮೂಹ ಮುಕ್ತವೆಂದ ಮಾತ್ರಕ್ಕೆ ಅದನ್ನು ಅಳವಡಿಸಿದ ಎಲ್ಲ ಚಿಪ್‌ಗಳೂ ಮುಕ್ತವಲ್ಲ, ಅವುಗಳ ಮೇಲೆ ಓಡುವ ಲಿನಕ್ಸ್‌ನ ಹೊಣೆಗಳೂ ಅದರಿಂದ ಕಡಿಮೆಯಾಗುವುದಿಲ್ಲ.

ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆಯ ದೃಷ್ಟಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯಕೃತಿ, ರೂಪಾಂತರದ ಹಕ್ಕು ಕರ್ತೃವಿನದು. 52ನೆಯ ಕಲಂ ನ್ಯಾಯವಾಗಿ ಪ್ರತಿ ಪಡೆದವನಿಗೆ ಅದನ್ನು ಪೂರೈಸಿದ ಉದ್ದೇಶಕ್ಕೆ ಬಳಸಿಕೊಳ್ಳಲು ನಕಲು ಅಥವಾ ರೂಪಾಂತರ ಮಾಡಿಕೊಳ್ಳಲು ಬಿಡುತ್ತದೆ. 1999ರ ತಿದ್ದುಪಡಿ ಪರಸ್ಪರ ಕಾರ್ಯಶೀಲತೆಗೆ ಬೇಕಾದ ಮಾಹಿತಿ ಪಡೆಯಲೂ ಅವಕಾಶ ಕೊಟ್ಟಿತು. ಪೋರ್ಟ್ ಮಾಡಿದ್ದನ್ನು ಹಂಚಲು ಈ ಕಲಂ ನೆರವಾಗದು, ಅದಕ್ಕೆ ಪರವಾನಗಿಯೇ ಬೇಕು.

ಪೋರ್ಟ್ ಬರೆದ ಎಂಜಿನಿಯರ್ ಕಂಪನಿಯ ನೌಕರನಾಗಿದ್ದರೆ ಪ್ಯಾಚಿನ ಹಕ್ಕು ಸಾಮಾನ್ಯವಾಗಿ ಕಂಪನಿಯದು. ಅದನ್ನು ಮೂಲ ಯೋಜನೆಗೆ ಮರಳಿಸುವ ಮುನ್ನ ಒಪ್ಪಿಗೆ ಪಡೆಯಬೇಕು. ಎಸ್‌ಸಿಒ ಕಂಪನಿ 2003ರಲ್ಲಿ ಐಬಿಎಂ ಮೇಲೆ ದಾವೆ ಹೂಡಿ ಲಿನಕ್ಸ್ ಕೋಡಿನ ಮೂಲವನ್ನೇ ಪ್ರಶ್ನಿಸಿದ ಮೇಲೆ, 2004ರಲ್ಲಿ ಕರ್ನೆಲ್ ಯೋಜನೆ ಪ್ರತಿ ಪ್ಯಾಚಿಗೂ 'ಇದನ್ನು ಕೊಡುವ ಹಕ್ಕು ನನಗಿದೆ' ಎಂಬ ಸಹಿಯ ಸಾಲನ್ನು ಕಡ್ಡಾಯ ಮಾಡಿತು.

ಲೆಕ್ಕ ಇಡುವ ಉಪಕರಣಗಳು

ಪ್ರತಿ ಕಡತದ ಮೇಲೂ ಪರವಾನಗಿಯ ಗುರುತಿನ ಒಂದು ಸಾಲು ಬರೆಯುವ ಎಸ್‌ಪಿಡಿಎಕ್ಸ್ ಪದ್ಧತಿಯನ್ನು ಲಿನಕ್ಸ್ ಕರ್ನೆಲ್ 2017ರ 4.14ನೆಯ ಆವೃತ್ತಿಯಿಂದ ವ್ಯಾಪಕವಾಗಿ ಅಳವಡಿಸಿಕೊಂಡಿತು. 2021ರಲ್ಲಿ ಅದು ಐಎಸ್‌ಒ ಮಾನಕವಾಯಿತು. ಎಂಬೆಡೆಡ್ ಲಿನಕ್ಸ್ ಕಟ್ಟುವ ಯೊಕ್ಟೊ, ಪ್ರತಿ ಪ್ಯಾಕೇಜಿನ ಪರವಾನಗಿ ಪಠ್ಯದ ಚೆಕ್‌ಸಮ್ ಇಟ್ಟುಕೊಂಡು ಪಠ್ಯ ಬದಲಾದರೆ ಅದನ್ನು ಮರುಪರಿಶೀಲಿಸುವಂತೆ ಎಚ್ಚರಿಸುತ್ತದೆ. ಬಿಲ್ಡ್‌ರೂಟ್‌ನಲ್ಲಿ 'ಲೀಗಲ್-ಇನ್ಫೊ' ಎಂಬ ಒಂದೇ ಆದೇಶ ಆಯಾ ಆರ್ಕಿಟೆಕ್ಚರ್‌ಗೆ ಆರಿಸಿದ ಪ್ಯಾಕೇಜುಗಳ ಪಟ್ಟಿ, ಪರವಾನಗಿ ಪಠ್ಯ, ಸೋರ್ಸ್, ಪ್ಯಾಚು ಎಲ್ಲವನ್ನೂ ಒಂದು ಕೋಶದಲ್ಲಿ ಕೂಡಿಹಾಕುತ್ತದೆ. ಹೊರಗಿನಿಂದ ತಂದ ಮುಚ್ಚಿದ ಟೂಲ್‌ಚೈನ್ ಮತ್ತು ಚಿಪ್ ಕಂಪನಿ ಬೈನರಿ ರೂಪದಲ್ಲಿ ಕೊಟ್ಟ ಗ್ರಂಥಾಲಯಗಳ ಒಡಲಲ್ಲಿ ಏನಿದೆಯೆಂದು ಈ ಉಪಕರಣಗಳಿಗೆ ಕಾಣದು. ಅದನ್ನು ಚಿಪ್ ಕಂಪನಿಯಿಂದ ಲಿಖಿತವಾಗಿ ಕೇಳಿ ಪಡೆಯಬೇಕು, ಸಾಧ್ಯವಾದರೆ ಖರೀದಿ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ.